ಗೀರು

ಚಿಕ್ಕಮ್ಮ ಕೂತಲ್ಲಿ ಕೂರುವವಳಲ್ಲ. ಪಾಠ ಮಾಡುವಾಗಲೂ ಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಾಳೆ. ವಿದ್ಯಾರ್ಥಿಗಳು ಅವಳಿಗಿಟ್ಟ ಹೆಸರು ಲೋಲಕ.

ಅವಳ ಸಂಶೋಧನೆಯೆಲ್ಲ ಒಂದು ಗೀರಿನದು. ಗಾಜಿನಷ್ಟು ತಿಳಿಯಾದ ತಟ್ಟೆಯಲ್ಲಿ ಚರ್ಮದ ಜೀವಕೋಶಗಳನ್ನು ಬೆಳೆಸಿ, ಅವು ಹಾಸಿನಂತೆ ಹರಡಿದ ಮೇಲೆ ನಡುವೆ ಸಣ್ಣ ಮೊನೆಯಿಂದ ಗೀರುತ್ತಾಳೆ. ಆರೋಗ್ಯವಂತರ ಕೋಶಗಳು ಎರಡೂ ದಂಡೆಯಿಂದ ತೆವಳಿ ಬಂದು ಗೀರನ್ನು ಮುಚ್ಚುತ್ತವೆ. ಸಕ್ಕರೆ ಕಾಯಿಲೆಯವರ ಕೋಶಗಳು ದಂಡೆಯಲ್ಲೇ ನಿಂತುಬಿಡುತ್ತವೆ. ಯಾಕೆ? ಈ ಪ್ರಶ್ನೆಯಲ್ಲೇ ಅವಳ ಕೂದಲು ಬೆಳ್ಳಗಾಯಿತು.

"ಒಂದು ಗೀರು ಮುಚ್ಚೋಕೆ ಇಪ್ಪತ್ತು ವರ್ಷವೇನೇ?" ಎಂದು ಅಮ್ಮ ತಂಗಿಯನ್ನು ರೇಗಿಸುತ್ತಿದ್ದಳು. "ಸೂಜಿ ದಾರ ಕೊಡ್ಲಾ?"

ಈ ನಡುವೆ ಸಂಸ್ಥೆಯವರು ಅನುದಾನ ವಿಭಾಗವನ್ನು ತಾತ್ಕಾಲಿಕವಾಗಿ ಚಿಕ್ಕಮ್ಮನ ಹೆಗಲಿಗೆ ಹಾಕಿದರು. ಯಾವ ಸಂಶೋಧನೆಗೆ ಹಣ ಸಿಗಬೇಕು, ಕೊಟ್ಟ ಹಣ ಸರಿಯಾಗಿ ಬಳಕೆಯಾಯಿತೇ ಎಂದು ನೋಡುವ ಕೆಲಸ. ಬೈದುಕೊಂಡೇ ಹೋದಳು. ಆದರೆ ಕೆಲಸ ಕೈಗೆ ಹತ್ತಿತು. ಧೂಳು ತಿನ್ನುತ್ತಿದ್ದ ಅರ್ಜಿಗಳಿಗೆಲ್ಲ ಕಾಲು ಬಂತು. ಈಗ ನಿರ್ದೇಶಕರು ಆ ಖುರ್ಚಿಯನ್ನು ಖಾಯಂ ಮಾಡುತ್ತೇನೆಂದಿದ್ದರು. ಹಣ ಹಂಚುವವರು ಹಣ ಕೇಳುವಂತಿಲ್ಲವಾದ್ದರಿಂದ ಪ್ರಯೋಗಾಲಯ ಬಿಡಬೇಕು. ಸೋಮವಾರ ಉತ್ತರ ಹೇಳಬೇಕು.

ಭಾನುವಾರ ನಮ್ಮ ಮನೆಯಲ್ಲಿ ಅವಳು ಅಡುಗೆಮನೆಗೂ ಹಜಾರಕ್ಕೂ ಸುತ್ತು ಹೊಡೆಯುತ್ತಿದ್ದಳು.

"ಒಂದು ಕಡೆ ಕೂತ್ಕೊಳ್ಳೇ, ನನಗೆ ತಲೆ ತಿರುಗುತ್ತೆ," ಅಂದಳು ಅಮ್ಮ.

"ಅಕ್ಕಾ, ನಾನು ಅಲ್ಲಿ ಕೂತ್ರೆ ಎಷ್ಟೋ ಜನರ ಕೆಲಸ ನಡೆಯುತ್ತೆ. ನನ್ನದೊಂದು ನಿಲ್ಲುತ್ತೆ."

"ನಿನ್ನ ಶಿಷ್ಯೆ ಇದಾಳಲ್ಲ, ಆ ಪಿಸುಮಾತು?" ಎಂದೂ ದನಿ ಎತ್ತದ ಆ ಹುಡುಗಿಗೆ ಅಮ್ಮ ಇಟ್ಟ ಹೆಸರದು.

"ಅವಳಿನ್ನೂ ಚಿಕ್ಕವಳು."

"ನೀನು ಶುರು ಮಾಡ್ದಾಗ ಮುದುಕಿ ಆಗಿದ್ಯಾ?"

ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡು ಪ್ರಯೋಗಾಲಯಕ್ಕೆ ಹೊರಟುಬಿಟ್ಟಳು.

ಪಿಸುಮಾತು ಅಲ್ಲೇ ಇದ್ದಳು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು.

"ಬೈಬೇಡಿ ಮೇಡಂ. ನಿಮ್ಮನ್ನ ಕೇಳದೆ ಒಂದು ಪ್ರಯೋಗ ಮಾಡಿದೆ. ಈ ಸಲ ಗೀರಲಿಲ್ಲ. ನಡುವೆ ಒಂದು ತಡೆ ಇಟ್ಟು ಕೋಶ ಬೆಳೆಸಿ, ಆಮೇಲೆ ತಡೆ ತೆಗೆದೆ. ಜಾಗ ಇದೆ, ಗಾಯ ಇಲ್ಲ."

ಚಿಕ್ಕಮ್ಮ ಬಗ್ಗಿ ನೋಡಿದಳು. ಸಕ್ಕರೆ ಕಾಯಿಲೆಯವರ ಕೋಶಗಳು ದಂಡೆ ಬಿಟ್ಟು ನಡುದಾರಿಗೆ ಬಂದಿದ್ದವು.

"ನಡೆಯೋಕೆ ಬರುತ್ತೆ ಇವಕ್ಕೆ," ಅಂದಳು ಪಿಸುಮಾತು. "ಗೀರಿದಾಗ ಗಾಯಗೊಂಡ ಕೋಶಗಳೇ ಏನೋ ಬಿಟ್ಟು ಉಳಿದವನ್ನ ತಡೀತಿರಬೇಕು. ಅದೇನು ಅಂತ ಹುಡುಕ್ತೀನಿ."

ಇಷ್ಟು ವರ್ಷ 'ಹುಡುಕೋಣ್ವಾ ಮೇಡಂ' ಎನ್ನುತ್ತಿದ್ದವಳು 'ಹುಡುಕ್ತೀನಿ' ಅಂದಳು. ಮಾತು ಬದಲಾದದ್ದು ಅವಳಿಗೇ ತಿಳಿದಿರಲಿಲ್ಲವಂತೆ. ಆಮೇಲೆ ಅಮ್ಮನಿಗೆ ಇದನ್ನು ಹೇಳುವಾಗ ಚಿಕ್ಕಮ್ಮನ ದನಿಯಲ್ಲಿ ಹೆಮ್ಮೆಯಿತ್ತೋ ಹೊಟ್ಟೆಕಿಚ್ಚೋ, ನನಗೆ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು.

ಸೋಮವಾರ ಅವಳು ಖುರ್ಚಿಗೆ ಒಪ್ಪಿದಳು. ಪ್ರಯೋಗಾಲಯ ಪಿಸುಮಾತಿನದಾಯಿತು, ಮುಂದಿನ ಅರ್ಜಿಯೂ ಅವಳ ಹೆಸರಿನಲ್ಲೇ ಹೋಯಿತು. ತನ್ನ ಶಿಷ್ಯೆಯದೆಂದು ಚಿಕ್ಕಮ್ಮ ಅದನ್ನು ತೆರೆಯದೆ ಹೊರಗಿನವರ ಪರಿಶೀಲನೆಗೆ ಕಳಿಸಿದಳು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರೂ ಎದುರಾದರು.

"ಮೇಡಂ, ನಿನ್ನೆ ತಟ್ಟೆಯಲ್ಲಿ ಒಂದು..."

"ಹೇಳ್ಬೇಡ. ತೀರ್ಮಾನ ಆಗೋವರೆಗೆ ನಾನು ಕೇಳೋ ಹಾಗಿಲ್ಲ."

ನಾಲ್ಕು ಮೆಟ್ಟಿಲಿಳಿದು ಚಿಕ್ಕಮ್ಮ ನಿಂತಳು.

"ಒಳ್ಳೇದೋ ಕೆಟ್ಟದ್ದೋ, ಅಷ್ಟು ಹೇಳು."

ಪಿಸುಮಾತು ತುಟಿ ಬಿಗಿಹಿಡಿದು, ಹೇಳುವುದಿಲ್ಲವೆಂದು ತಲೆ ಅಲ್ಲಾಡಿಸಿ, ಮೇಲೆ ಹೋದಳು.