ರಾಜನನ್ನೇ ಕೆಲಸದಿಂದ ತೆಗೆದವರು

ಸ್ವೀಡನ್ನಿನ ಸೋಲ್ನಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ತೂಗುವ ದೀಪಕ್ಕೆ ಅವರ ಬಿಳಿ ಕೂದಲು ತಾಗುತ್ತಿತ್ತು, ಅಷ್ಟು ಎತ್ತರದ ಹೆಂಗಸು. ಎದುರು ಮನೆಯ ಡಚ್ ಟೀಚರ್. ರಿಟೈರ್ಡ್ ಹಿಸ್ಟರಿ ಟೀಚರ್, ಮದುವೆಯಾಗಿ ಸ್ವೀಡನ್ನಿಗೆ ಬಂದವರು, ನನ್ನ ಹಾಗೆಯೇ ವಿಧವೆ. ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಹೊತ್ತಿಗೆ, ಕರೆದರೆ ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚಿಬಿಡುವರು.

ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಇಂಗ್ಲೆಂಡಿನ ರಾಜರನ್ನೆಲ್ಲ ಬೈಹಾರ್ಟ್ ಮಾಡಿಸಿದ್ದರು. ಇಂಗ್ಲಿಷರು ರಕ್ತ ಹರಿಸದೆ ರಾಜನನ್ನು ಬದಲಿಸಿದ "ಗ್ಲೋರಿಯಸ್ ರೆವಲ್ಯೂಷನ್" ಕಥೆಯನ್ನು ನಾನು ಜಂಬದಿಂದ ಒಪ್ಪಿಸಿದಾಗ ಟೀಚರ್ ಗಹಗಹಿಸಿದರು.

"ಏನು ಗ್ಲೋರಿಯಸ್? ಹಡಗು ನಮ್ದು, ಸೈನ್ಯ ನಮ್ದು, ರಾಜನಾದವನೂ ನಮ್ಮವನೇ! ನಿನ್ನ ಸಿಸ್ಟರ್ಸ್ ಇದನ್ನ ಹೇಳ್ಲಿಲ್ವಾ?"

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಬೈಯುತ್ತಾರೆ.

ರಾಣಿಯ ಹೆಸರಿನ ಹಬ್ಬಕ್ಕೆ ಡಚ್ಚರೆಲ್ಲ ರಾಜಮನೆತನದ ಕಿತ್ತಳೆ ಬಣ್ಣ ತೊಟ್ಟರೆ ಇವರದು ಬೇಕೆಂದೇ ಕಪ್ಪು ಕೋಟು. "ನಾವು ರಿಪಬ್ಲಿಕ್ ಆಗಿದ್ದೋರು. ರಾಜರು ಆಮೇಲೆ ಬಂದ ಬಾಡಿಗೆಯವರು."

ಯುರೋಪಿನ ಹೊಸ ಸಂವಿಧಾನಕ್ಕೆ ಡಚ್ಚರು 'ನೋ' ಎಂದು ಓಟು ಹಾಕಿದ ಬೇಸಿಗೆಯಲ್ಲಿ, ದೂರದ ಯೋನ್‌ಶೋಪಿಂಗ್ ಊರಿನಿಂದ ಮಗನ ಫೋನ್ ಬಂತು.

"ಅಮ್ಮಾ, ನಿಮ್ಮ ಫ್ಲ್ಯಾಟ್ ಸೇಲ್‌ಗೆ ಏಜೆಂಟ್ ಹತ್ರ ಮಾತಾಡಿದೀನಿ. ನಮ್ಮನೇಲಿ ರೂಮ್ ರೆಡಿ. ನೀವೇನೂ ಯೋಚ್ನೆ ಮಾಡ್ಬೇಡಿ."

ನಾನೂ ನಮ್ಮ ಯಜಮಾನರೂ ಬಾಳಿದ ಮನೆ. ಅವನು ಪ್ರೀತಿಯಿಂದಲೇ ಹೇಳಿದ್ದ. ಅದಕ್ಕೇ ಬೇಡ ಎನ್ನದೆ ಫೋನ್ ಇಟ್ಟುಬಿಟ್ಟೆ.

ಟೀಚರ್ ಮುಂದೆ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ, ಪಾಠ ಮಾಡಿದರು. ಹಿಂದೆ ಅವರ ನಾಡನ್ನು ಸ್ಪೇನಿನ ರಾಜ ಆಳುತ್ತಿದ್ದನಂತೆ. ಕೇಳದೆ ತೆರಿಗೆ ಹಾಕಿದ, ಬೇರೆ ರೀತಿ ಪ್ರಾರ್ಥಿಸಿದವರನ್ನು ಸುಟ್ಟ. ಕೊನೆಗೆ ಪ್ರಾಂತ್ಯಗಳವರೆಲ್ಲ ಸೇರಿ, ರಾಜ ಇರುವುದು ಪ್ರಜೆಗಳಿಗಾಗಿ, ಇನ್ನು ನೀನು ನಮ್ಮ ರಾಜನಲ್ಲ ಎಂದು ಸಾರಿಯೇಬಿಟ್ಟರು.

"ನನ್ನ ಮಗ ಸ್ಪೇನಿನ ರಾಜ ಅಲ್ಲ," ಎಂದೆ ಸಿಟ್ಟಿನಿಂದ.

"ಗೊತ್ತು, ಒಳ್ಳೆಯವನು. ಜಾವಾ ಆಳಿದ ನಮ್ಮವರೂ ತಾವು ಒಳ್ಳೆಯವರು ಅಂತಲೇ ತಿಳ್ಕೊಂಡಿದ್ರು. ಅಲ್ಲಿನ ಜನ 'ಸಾಕು, ಹೋಗಿ' ಅಂದ್ರೆ ಸೈನ್ಯ ಕಳಿಸಿದ್ವಿ. ಶೇಮ್! ನೀನು ಮೊದಲು ಫೋನ್ ಮಾಡು."

ಮಾಡಿದೆ. "ಮನೆ ನನ್ನದು, ಮಾರಲ್ಲ. ಏಜೆಂಟ್‌ಗೆ ನೀನೇ 'ಸಾರಿ' ಅಂತ ಹೇಳು."

"ಅಮ್ಮಾ, ಇದನ್ನೆಲ್ಲ ಯಾರು ಹೇಳ್ಕೊಟ್ರು?"

"ಹಿಸ್ಟರಿ ಟೀಚರ್."

ಬಹಳ ದಿನ ಮುನಿದುಕೊಂಡಿದ್ದ. ನಾನೂ ಬಗ್ಗಲಿಲ್ಲ.

ಎರಡು ವರ್ಷದ ನಂತರ ಟೀಚರ್ ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬರುವಾಗ ಕಾರು ಓಡಿಸುತ್ತಿದ್ದ ಮಗ ಮೆಲ್ಲಗೆ ಅಂದ, "ಅಮ್ಮಾ, ಈಗಾದ್ರೂ ನಮ್ಮ ಜೊತೆ ಬರ್ತೀರಾ?"

ಈ ಸಲ ಕೇಳಿದನಲ್ಲ! ಆ ಪ್ರಶ್ನೆ ಟೀಚರ್ ಕಿವಿಗೆ ಬೀಳಬೇಕಿತ್ತು.

"ಇಲ್ಲಪ್ಪಾ," ಎಂದೆ. "ನನ್ನ ಮನೆ ಹತ್ರ ಇಳಿಸು."