ಗದ್ದ ಇಳಿಸುವ ಪಾಠ

ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅವ್ವ ಗದಗಿನಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬೆಳಗ್ಗೆ ರೊಟ್ಟಿ ಬಡಿದಿಟ್ಟು ಕಾಲೇಜಿಗೆ ಓಡುತ್ತಿದ್ದ ನಾನು, ಕನ್ನಡ ಮಾಧ್ಯಮದವಳು, ಹಟ ಹಿಡಿದು ಇಂಗ್ಲಿಷಿನಲ್ಲೇ ಎಂ.ಎ. ಮಾಡಿದೆ. ಹಾಗಿದ್ದೂ ಅಮೆರಿಕಕ್ಕೆ ಬಂದು, 2005ರ ಸುಮಾರಿಗೆ ಸ್ಯಾನ್ ಡಿಯಾಗೋದಲ್ಲಿ, ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಶಾಲೆಯೊಂದಕ್ಕೆ ಉಚ್ಚಾರಣೆಯ ಟೀಚರ್ ಆಗಲು ಅಪ್ಲೈ ಮಾಡಿದಾಗ ನನ್ನ ಧೈರ್ಯ ಉಡುಗಿಹೋಗಿತ್ತು. ಅಲ್ಲಿ ಕೆಲವು ತಿಂಗಳಿಂದ ಸಂಬಳವಿಲ್ಲದೆ ಸಹಾಯ ಮಾಡುತ್ತಿದ್ದೆ. ಈಗ ಶಾಲೆಯ ಮುಖ್ಯಸ್ಥೆಯೇ ಹಿಂದೆ ಕೂತು ನನ್ನ ಪಾಠ ನೋಡುವವರಿದ್ದರು. ಅವರು ಒಪ್ಪಿದರೆ, ಅಮೆರಿಕದಲ್ಲಿ ನನ್ನ ಡಿಗ್ರಿಗೆ ಸಿಗುವ ಮೊದಲ ನೌಕರಿ. ನನ್ನ ಮಾತಿನಲ್ಲಿ ಗದಗು ಕೇಳಿಸಿತೋ, ಮುಗಿಯಿತು ಅಂದುಕೊಂಡಿದ್ದೆ.

ನನ್ನ ಪಾಠಕ್ಕೆ ಪುಸ್ತಕ ಬೇಕಿರಲಿಲ್ಲ. ಗದ್ದದ ಕೆಳಗೆ ಕೈ ಇಟ್ಟುಕೊಂಡು ‘ಬೆಡ್’ ಅನ್ನಬೇಕು, ಗದ್ದ ಸ್ವಲ್ಪವೇ ಇಳಿಯುತ್ತದೆ. ‘ಬ್ಯಾಡ್’ ಅನ್ನುವಾಗ ಅದು ಕೈಯನ್ನು ಒತ್ತಬೇಕು. ಎಂ.ಎ. ಓದುವಾಗ ಹಾಸ್ಟೆಲಿನ ಕನ್ನಡಿ ಮುಂದೆ ನಿಂತು ನಾನು ಕಲಿತದ್ದೂ ಹೀಗೆಯೇ.

ಕ್ಲಾಸಿನಲ್ಲಿ ಗಡ್ಡ ಬಿಟ್ಟ ಮೆಕ್ಸಿಕನ್ ಅಡುಗೆಯವನಿದ್ದ, ಕೊರಿಯಾದ ಅಜ್ಜಿಯೊಬ್ಬರಿದ್ದರು. ಅದೇ ಊರಿನ ಕಾರ್ಮೆಲ್ ವ್ಯಾಲಿ ಬಡಾವಣೆಯ ಮಗನ ಮನೆಯಿಂದ ಹುಬ್ಬಳ್ಳಿ ಕಡೆಯ ಆಂಟಿಯೂ ಬರುತ್ತಿದ್ದರು. ಮೊಮ್ಮಗಳು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆಂದು ಸೇರಿಕೊಂಡವರು. ಬಿಡುವಿನಲ್ಲಿ ಚಹಾ ಕೊಡಹೋದರೆ ‘ಬ್ಯಾಡವಾ’ ಎಂದು ಅದೇ ಸ್ವರವನ್ನು ಸಲೀಸಾಗಿ ಆಡುತ್ತಿದ್ದರು. ಕ್ಲಾಸಿನಲ್ಲಿ ಮಾತ್ರ ತುಟಿ ಬಿಗಿದು ಎಲ್ಲದಕ್ಕೂ ‘ಬೆಡ್’ ಅನ್ನುತ್ತಿದ್ದರು. ಕಾರಣ ನನಗೆ ತಿಳಿದಿರಲಿಲ್ಲ.

ಆ ದಿನ ಒಬ್ಬೊಬ್ಬರದೇ ಗದ್ದ ಇಳಿಯಿತು. ಆಂಟಿಯ ಸರದಿ ಬಂತು. ‘ಬೆಡ್’ ಅಂದರು. ಇನ್ನೊಮ್ಮೆ ಕೇಳಿದೆ. ಮತ್ತೆ ‘ಬೆಡ್’. ಹಿಂದೆ ಮುಖ್ಯಸ್ಥೆ ಏನೋ ಬರೆದುಕೊಂಡರು. ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದೆಂದು ಅಲ್ಲಿ ನಿಯಮ. ಆದರೂ ಬಗ್ಗಿ, “ಗದ್ದ ಇಳಸ್ರಿ ಆಂಟಿ,” ಎಂದು ಪಿಸುಗುಟ್ಟಿದೆ.

“ಗದ್ದ ಇಳಸಿದ್ರ ಹಲ್ಲಿನ ಸೆಟ್ಟೂ ಇಳೀತೈತಿ,” ಅಂದರು ಅವರೂ ಪಿಸುಮಾತಿನಲ್ಲಿ. “ಮ್ಯಾಲಿಂದು ಸಡ್ಲ ಆಗೈತಿ. ಆ ಗಡ್ಡದಾಂವ ಎದುರಿಗೇ ಕುಂತಾನ. ಅವನ ತೊಡಿ ಮ್ಯಾಲ ಬಿದ್ರ ನೀ ಹೋಗಿ ತರ್ತೀಯೇನ?”

ನಗು ನುಂಗಿಕೊಂಡೆ. “ಸೆರಗು ಅಡ್ಡ ಹಿಡೀರಿ. ನನಗ ಕೇಳಿಸಿದ್ರ ಸಾಕು.”

“ಇದನ್ನ ಮದ್ಲ ಹೇಳೂದಲ್ಲೇನ?”

ಸೆರಗಿನ ಹಿಂದಿನಿಂದ ‘ಬ್ಯಾಡ್’ ಬಂತು, ತುಂಬು ದನಿಯಲ್ಲಿ, ಹಿಂದಿನ ಗೋಡೆಗೆ ಮುಟ್ಟುವಂತೆ. ಕೊರಿಯಾದ ಅಜ್ಜಿ ಚಪ್ಪಾಳೆ ತಟ್ಟಿದರು.

ಪಾಠ ಮುಗಿದ ಮೇಲೆ ಮುಖ್ಯಸ್ಥೆ ಕರೆದು, ಆ ಹೆಂಗಸಿಗೆ ಏನು ಹೇಳಿದಿರಿ ಎಂದು ಕೇಳಿದರು. ನಿಯಮ ಮುರಿದದ್ದಕ್ಕೇ ಹಿಡಿದರು ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರಿಗೆ ನಗು ತಡೆಯಲಾಗಲಿಲ್ಲ. ಕೆಲಸ ಹೇಗೂ ಕೈತಪ್ಪುವುದೇ ಆದರೆ ಕೇಳಿಯೇ ಹೋಗೋಣವೆಂದು, “ನನ್ನ ಉಚ್ಚಾರಣೆ?” ಅಂದೆ.

“ಭಾರತದ್ದೇ, ಗೊತ್ತಾಗುತ್ತದೆ. ಆದರೆ ಇವತ್ತು ಕ್ಲಾಸಿನಲ್ಲಿ ತಪ್ಪಾಗಿ ಉಚ್ಚರಿಸುವವರು ಒಬ್ಬರೂ ಉಳಿಯಲಿಲ್ಲ. ಸೋಮವಾರದಿಂದ ಬನ್ನಿ,” ಅಂದರು.

ಹೊರಗೆ ಆಂಟಿ ಮಗನ ಕಾರಿಗೆ ಕಾಯುತ್ತ ನಿಂತಿದ್ದರು.

“ಏನಂದ್ಲವಾ ಆಕಿ?”

“ಕೆಲಸ ಕೊಟ್ರ‍್ರಿ.”

“ಕೊಡದ ಏನ್ ಮಾಡ್ತಾಳ. ಇನ್ನ ನಿನಗ ನೀ ಅನ್ನಾಕ ಬರೂದಿಲ್ಲ. ಮೇಡಂ ಅನ್ನಬೇಕಾತು.”

“ನೀ ಅಂದ್ರೂ ನಡೀತೈತ್ರಿ.”

ಅವರನ್ನು ಕಳಿಸಿ ನನ್ನ ಕಾರಿನಲ್ಲಿ ಕೂತೆ. ಬೆಳಗ್ಗೆ ತಿನ್ನದೆ ಹಾಗೇ ಕಟ್ಟಿಕೊಂಡು ಬಂದಿದ್ದ ಚಪಾತಿ ಸೀಟಿನ ಮೇಲಿತ್ತು. ತಣ್ಣಗಾಗಿತ್ತು. ಎಲ್ಲವನ್ನೂ ತಿಂದು, ಸೀಟು ಹಿಂದಕ್ಕೆ ಬಾಗಿಸಿ, ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಬಿದ್ದುಕೊಂಡೆ.