ಗಂಜಿ ಹಚ್ಚಿದ ಡೇರೆ

ಇಚಲಕರಂಜಿಯಲ್ಲಿ ನಮ್ಮದು ಸೈಝಿಂಗ್ ಮಾಡುವ ಮನೆ. ಮಗ್ಗಕ್ಕೆ ಹೋಗುವ ಹಾಸುನೂಲಿಗೆ ಗಂಜಿ ಹಚ್ಚಿ, ಒಣಗಿಸಿ, ಉರುಳೆಗೆ ಸುತ್ತಿ ಕೊಡುವ ಕೆಲಸ. ಗಂಜಿ ಕುಡಿಯದ ನೂಲು ನೂಲೇ ಅಲ್ಲ ಎಂದು ಅಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ನಾನು ಅದನ್ನು ನಂಬಿದೆ. ನನ್ನ ತಪ್ಪು ಇಷ್ಟೇ, ಆದರೆ ಅದಕ್ಕೆ ಜೀವಗಳು ಹೋದವು.

ನಾನು ಓದಿದ್ದು ವಿನ್ಯಾಸ. ಓದು ಮುಗಿಸಿ ಲಡಾಖಿಗೆ ಹೋದಾಗ, ಮರವೇ ಬೆಳೆಯದ ಎತ್ತರದ ಬಯಲಿನಲ್ಲಿ ಮೇಕೆ ಮೇಯಿಸುವ ಒಬ್ಬ ಹೆಂಗಸಿನ ಪರಿಚಯವಾಯಿತು. ಹುಲ್ಲು ಮುಗಿದಂತೆ ಅವಳು ಮನೆಯನ್ನೇ ಎತ್ತಿಕೊಂಡು ಮುಂದೆ ಹೋಗುತ್ತಾಳೆ. ಅಲ್ಲಿ ಮೇಕೆಗಳು ಮರಿ ಹಾಕುವುದು ಚಳಿ ಇನ್ನೂ ಕಚ್ಚುತ್ತಿರುವಾಗಲೇ. ಮರಿಗಳನ್ನು ಅವಳು ಪ್ಲಾಸ್ಟಿಕ್ ತಾಡಪತ್ರಿಯ ಡೇರೆಯಲ್ಲಿ ಇಡುತ್ತಿದ್ದಳು. ಒಳಗಿನ ಉಸಿರೆಲ್ಲ ಹನಿಯಾಗಿ ತೊಟ್ಟಿಕ್ಕಿ ಮರಿಗಳ ಮೈ ತೊಯ್ಯುತ್ತಿತ್ತು, ಕೆಲವು ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು. ಇದಕ್ಕೆ ನಮ್ಮ ಕಡೆ ಔಷಧವಿದೆ ಎಂದು ನನಗೆ ಹೊಳೆಯಿತು. ನಮ್ಮ ಕುರಿಗಳ ಒರಟು ಉಣ್ಣೆಯನ್ನು ಈಗ ಕೊಳ್ಳುವವರಿಲ್ಲ, ಹೊಲದ ಬದುವಿಗೆ ಎಸೆಯುತ್ತಾರೆ. ಆ ಉಣ್ಣೆಯ ಕಂಬಳಿ, ಆಜರಾ ಕಡೆಯ ಬಿದಿರು, ಎರಡು ಕುದುರೆ ಹೊರಬಹುದಾದ ಭಾರ, ಸವೆದು ಹೋದರೆ ಮಣ್ಣಿಗೆ ಮಣ್ಣು. ಕಾಗದದ ಮೇಲೆ ಆ ಡೇರೆ ಎಷ್ಟು ಚೆನ್ನಾಗಿ ಕಂಡಿತೆಂದರೆ ನನಗೆ ನನ್ನ ಮೇಲೇ ಪ್ರೀತಿ ಬಂತು.

ಗಡಹಿಂಗ್ಲಜ ಹತ್ತಿರದ ಹಳ್ಳಿಯಲ್ಲಿ ವಯಸ್ಸಾದ ಒಬ್ಬ ಕಂಬಳಿ ನೇಕಾರರಿದ್ದರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ನನಗೆ ಬೇಕಾದ ಅಗಲದ್ದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಅದೊಂದೇ ಉಳಿದಿತ್ತು. ಅವರು ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದರಿಂದ ಕಂಬಳಿ ಬಿಗಿಯಾಗಿ ಮಳೆನೀರು ಜಾರಿಹೋಗುತ್ತದೆ. ಹಾಗಾಗಿ ಹೊಸ ಕಂಬಳಿಯನ್ನು ನಮ್ಮ ಕಡೆ ಯಾರೂ ತೊಳೆಯುವುದಿಲ್ಲ. ಡೇರೆಯ ಬಟ್ಟೆಗೆ ಕೈ ಹಚ್ಚುವ ಮೊದಲು ಅವರು ಒಂದು ಮಾತು ಕೇಳಿದರು.

“ಅಲ್ಲಿ ಮಳಿ ಭಾಳ ಆಗ್ತೈತೇನ್ರಿ ಬಾಯಾರ?”

ಮಳೆ ಇಲ್ಲವೇ ಇಲ್ಲ, ಬರೀ ಹಿಮ ಎಂದೆ.

“ಹಂಗಾರ ಗಂಜಿ ಯಾಕ ಬೇಕ್ರಿ? ನೇದ ಮ್ಯಾಲ ಬಿಸಿನೀರಾಗ ತೊಳದ ಕೊಡ್ತೇನಿ.”

ನಾನು ನಕ್ಕೆ. ಸೈಝಿಂಗ್‌ನವರ ಮಗಳಿಗೆ ಗಂಜಿಯ ಪಾಠ ಹೇಳುತ್ತಾರಲ್ಲ ಎಂದು. ಅಲ್ಲಿ ಗಾಳಿ ಜೋರು, ಬಟ್ಟೆ ಗಟ್ಟಿ ಇರಬೇಕು, ಒಂದಲ್ಲ ಎರಡು ಸಲ ಹಚ್ಚಿ ಎಂದೆ. ಅವರು ಒಮ್ಮೆ ಹೆಂಡತಿಯ ಮುಖ ನೋಡಿ, ನಾನು ಹೇಳಿದಂತೆಯೇ ಎರಡು ಸಲ ಹಚ್ಚಿದರು.

ಪರೀಕ್ಷೆಯನ್ನೂ ಮಾಡಿದೆ, ಮಾಡಲಿಲ್ಲ ಎನ್ನುವಂತಿಲ್ಲ. ಕೊಲ್ಹಾಪುರದಲ್ಲಿ ಪರಿಚಯದವರ ಶೀತಗೃಹವಿತ್ತು. ಅಲ್ಲಿ ಬೆಲ್ಲದ ರಾಶಿಗಳ ನಡುವೆ ಡೇರೆ ನಿಲ್ಲಿಸಿ ಮೂರು ದಿನ ಬಿಟ್ಟೆವು. ಅದು ಕದಲಲಿಲ್ಲ. ಆದರೆ ಅಲ್ಲಿನ ಚಳಿ ನೀರನ್ನು ಹೆಪ್ಪುಗಟ್ಟಿಸುವಂಥದ್ದಲ್ಲ, ಡೇರೆಯೊಳಗೆ ಉಸಿರಾಡುವ ಯಾರೂ ಇರಲಿಲ್ಲ. ಮಡಚಲೆಂದೇ ಮಾಡಿದ ಡೇರೆಯನ್ನು ಆ ಚಳಿಯಲ್ಲಿ ಒಮ್ಮೆ ಮಡಚಿ ನೋಡುವ ಬುದ್ಧಿಯೂ ನನಗೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತು ಮಾತ್ರ ಡೇರೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ಫೋಟೋ ತೆಗೆಸಿಕೊಂಡೆ.

ದಸರೆಗೆ ಮುಂಚೆ ನಾನೇ ಲಡಾಖಿಗೆ ಒಯ್ದು ಆ ಹೆಂಗಸಿಗೆ ಕಟ್ಟಿಕೊಟ್ಟೆ. ಎಲ್ಲೆಲ್ಲಿ ಮಡಚಬೇಕೆಂದು ತಿಳಿಯಲಿ ಅಂತ ಕೆಂಪು ದಾರದಲ್ಲಿ ಗೆರೆ ಹೊಲಿದಿದ್ದೆ. ಪ್ಲಾಸ್ಟಿಕ್ ವಿಷ, ಇನ್ನು ಇಟ್ಟುಕೊಳ್ಳಬೇಡ ಎಂದು ಭಾಷಣವನ್ನೂ ಬಿಗಿದೆ. ಅವಳು ನನ್ನ ಮಾತಿಗೆ ಬೆಲೆ ಕೊಟ್ಟು, ನಾನಿರುವಾಗಲೇ ಹಳೆಯ ತಾಡಪತ್ರಿಯನ್ನು ಕತ್ತರಿಸಿ ಕುದುರೆಗೆ ಹೇರುವ ಚೀಲ ಮಾಡಿಕೊಂಡಳು.

ಮರಿ ಹಾಕುವ ಕಾಲದಲ್ಲಿ ಫೋನು ಬಂತು. ಅವಳ ಹಿಂದಿಯೂ ನನ್ನ ಹಿಂದಿಯೂ ಅಷ್ಟಕ್ಕಷ್ಟೇ, ಆದರೂ ಎಲ್ಲ ತಿಳಿಯಿತು. ಮೊದಮೊದಲು ಚೆನ್ನಾಗಿತ್ತಂತೆ, ಒಂದು ಮರಿಯೂ ಕೆಮ್ಮಲಿಲ್ಲವಂತೆ. ಆದರೆ ಅವುಗಳ ಉಸಿರನ್ನೆಲ್ಲ ಗಂಜಿ ಕುಡಿಯುತ್ತ ಬಂದಿತ್ತು. ಕುಡಿದದ್ದು ಹೆಪ್ಪುಗಟ್ಟಿ ಬಟ್ಟೆ ಹಲಗೆಯಾಯಿತು. ಜಾಗ ಬದಲಿಸುವ ದಿನ, ನಾನು ಕಲಿಸಿದಂತೆಯೇ, ಕೆಂಪು ದಾರದ ಗುಂಟ ಮಡಚಿದರು. ಡೇರೆ ಹಪ್ಪಳ ಮುರಿದಂತೆ ಮುರಿಯಿತು. ಹೊಸ ಜಾಗದಲ್ಲಿ ಅದನ್ನೇ ಕಟ್ಟಿ, ಸೀಳುಗಳಿಗೆ ತಾವು ಹೊದೆಯುವುದನ್ನೆಲ್ಲ ತುರುಕಿದರು. ಗಾಳಿ ಕೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಆ ವಾರ ಹುಟ್ಟಿದ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. ಇದನ್ನೆಲ್ಲ ಅವಳು ಬೈಯದೆ ಹೇಳಿದಳು. ಬೈದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ನಮ್ಮದು ನೀರು ಸೋಸಿ ಕುಡಿಯುವ ಜೈನರ ಮನೆ. ಸೋಸಿದ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವ ಉಳಿದಿದ್ದೀತೆಂದು ಅಜ್ಜಿ ಅದನ್ನು ಮತ್ತೆ ಬಾವಿಯ ನೀರಿಗೇ ಜಾಲಿಸುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ ನಾನು ಕಣ್ಣು ಬಿಟ್ಟ ಮರಿಗಳನ್ನು ಕೊಂದಿದ್ದೆ. ಎಷ್ಟೋ ದಿನ ಅನ್ನ ಸೇರಲಿಲ್ಲ. ಅಪ್ಪನಿಗೆ ಹೇಳಿದರೆ, ಗಂಜಿಯ ಹದ ತಪ್ಪಿರಬೇಕು ಎಂದರು. ಅವರ ಮುಂದಿನಿಂದ ಎದ್ದು ಹೋದೆ.

ನೇಕಾರರ ಬಳಿ ಹೋಗಲು ಧೈರ್ಯ ಬರುವಷ್ಟರಲ್ಲಿ ಬೇಸಿಗೆ ಬಂದಿತ್ತು. ನಾನು ಮೊದಲೇ ಹೇಳಿಟ್ಟಿದ್ದ ಎರಡನೆಯ ಡೇರೆಯ ಬಟ್ಟೆ ಅರ್ಧ ನೇಯ್ದು ಮಗ್ಗದ ಮೇಲಿತ್ತು. ನಡೆದದ್ದು ಹೇಳಿ, ತಪ್ಪು ನನ್ನದು, ನೀವು ಮೊದಲೇ ಹೇಳಿದ್ದಿರಿ ಎಂದೆ. ಅವರು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು.

“ನೀವು ಸಾಲಿ ಕಲತವ್ರು, ಹೇಳಿದ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಗಪ್ಪ ಕುಂತ್ನಿ. ಕುರಿ ಕಾದ ಕೈರೀ ಇವು.”

ಎದ್ದು ಹೋಗಿ ಕುಡುಗೋಲಿನಿಂದ ಹಾಸುನೂಲನ್ನು ಕತ್ತರಿಸಿಬಿಟ್ಟರು. ಅರ್ಧ ಕಂಬಳಿ ಕುಣಿಯೊಳಗೆ ಬಿತ್ತು. ನಾನು ಬೇಡಿಕೊಂಡೆ, ಅವರ ಹೆಂಡತಿಯೂ ಬೇಡಿಕೊಂಡರು. ತಿಂಗಳು ಬಿಟ್ಟು ಮತ್ತೆ ಹೋದಾಗ ಉಳಿದಿದ್ದ ಆ ಒಂದೇ ಮಗ್ಗದ ಕುಣಿಗೆ ಮಣ್ಣು ತುಂಬಿ ಮೇಲೆ ಸೆಗಣಿ ಸಾರಿಸಿದ್ದರು.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನವೊಂದಿದೆ. ಬಸದಿಯಲ್ಲಿ ಎದುರಿಗೆ ಬಂದವರಿಗೆಲ್ಲ ಕೈಮುಗಿಯುತ್ತೇವೆ, ಅರ್ಧ ಜನರ ಹೆಸರೂ ಗೊತ್ತಿರುವುದಿಲ್ಲ. ಈ ಸಲ ಹೊರಗೆ ಬಂದು ಲಡಾಖಿಗೆ ಫೋನು ಮಾಡಿದೆ. ನನ್ನ ಕ್ಷಮೆಯ ಮಾತು ಅವಳಿಗೆ ತಿಳಿಯಲಿಲ್ಲವೋ, ಬೇಕಿರಲಿಲ್ಲವೋ. ಕಂಬಳಿ ಬೆಚ್ಚಗಿತ್ತು, ಆ ಅಂಟೊಂದು ಬೇಡ, ಉಳಿದದ್ದೆಲ್ಲ ಹಾಗೇ ಇರಲಿ ಎಂದಳು. ನೀನು ಬೇಡವೆಂದಿದ್ದೆಯಲ್ಲ, ಅದಕ್ಕೇ ತಾಡಪತ್ರಿ ತಂದಿಲ್ಲ ಎಂದಳು. ಹಿಮ ಬೀಳುವುದಕ್ಕೆ ಮೊದಲು ಹೊಸ ಡೇರೆ ಕಳಿಸುತ್ತೀಯಲ್ಲ ಎಂದು ಕೇಳಿದಳು.

ಕಳಿಸುತ್ತೇನೆ ಎಂದೆ.